ಅಂಗಡಿಗೆ ಹೋಗದೆ ಶುರುವಾಗುವ ಹವ್ಯಾಸಗಳು

ಹೊಸದೊಂದು ಹವ್ಯಾಸ ಹಿಡಿಯಬೇಕು ಅನ್ನಿಸಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಖರೀದಿ. ಚಿತ್ರ ಬರೆಯಬೇಕೆಂದರೆ ನಲವತ್ತೆಂಟು ಬಣ್ಣದ ಡಬ್ಬಿ, ಓಡಬೇಕೆಂದರೆ ಐದು ಸಾವಿರದ ಬೂಟು, ಫೋಟೊ ತೆಗೆಯಬೇಕೆಂದರೆ ಕಂತಿನ ಮೇಲೆ ಕ್ಯಾಮೆರಾ. ಸಾಮಾನು ಮನೆಗೆ ಬಂದ ದಿನವೇ ಅರ್ಧ ಉತ್ಸಾಹ ಖರ್ಚಾಗಿರುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಸಾಮಾನು ಅಟ್ಟ ಹತ್ತಿರುತ್ತದೆ, ಕಂತು ಮಾತ್ರ ತಾರೀಖು ತಪ್ಪದೆ ಬರುತ್ತಿರುತ್ತದೆ.

ಹವ್ಯಾಸಕ್ಕೆ ಎರಡು ಖರ್ಚು. ಶುರು ಮಾಡುವ ಖರ್ಚು ಒಂದು, ಸಾಕುವ ಖರ್ಚು ಇನ್ನೊಂದು. ಮೊದಲನೆಯದಕ್ಕೆ ಚೌಕಾಸಿ ಮಾಡುವ ನಾವು ಎರಡನೆಯದನ್ನು ಕೇಳುವುದೇ ಇಲ್ಲ. ಮೀನಿನ ತೊಟ್ಟಿ ಅಗ್ಗಕ್ಕೇ ಸಿಗುತ್ತದೆ. ಆಮೇಲೆ ಪಂಪು, ಫಿಲ್ಟರು, ಮೀನಿನ ಆಹಾರ, ಔಷಧಿ. ನಾಲ್ಕು ದಿನ ಊರಿಗೆ ಹೋದರೆ ನೋಡಿಕೊಳ್ಳಲು ಒಬ್ಬರು. ಬ್ಯಾಡ್ಮಿಂಟನ್ ರ‍್ಯಾಕೆಟ್ ಒಂದೇ ಸಲದ ಖರ್ಚು ನಿಜ, ಆದರೆ ಪುಕ್ಕದ ಷಟಲ್ ಒಂದೆರಡು ಆಟಕ್ಕೇ ಕಿತ್ತುಹೋಗುತ್ತದೆ, ಕೋರ್ಟಿನ ಬಾಡಿಗೆ ಗಂಟೆ ಲೆಕ್ಕದಲ್ಲಿ. ಕೇರಂ ಬೋರ್ಡಿಗೆ ಬೋರಿಕ್ ಪೌಡರ್ ಬಿಟ್ಟರೆ ಬೇರೇನೂ ಬೇಡ. ಎರಡು ಸಾವಿರ ರೂಪಾಯಿಯ ಬೋರ್ಡಿನಲ್ಲಿ ಭಾನುವಾರಕ್ಕೊಂದು ಸಲದಂತೆ ಹತ್ತು ವರ್ಷ ಆಡಿದರೆ ಒಂದು ಸಲಕ್ಕೆ ನಾಲ್ಕು ರೂಪಾಯಿಯೂ ಬೀಳುವುದಿಲ್ಲ. ಆರು ಸಾವಿರದ ಗಿಟಾರನ್ನು ಎಂಟು ಸಲ ಮುಟ್ಟಿ ಬಿಟ್ಟವರಿಗೆ ಸಲಕ್ಕೆ 750 ಬಿದ್ದಿರುತ್ತದೆ. ಬೆಲೆಯ ಚೀಟಿಯನ್ನು ಹೀಗೆ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು.

ನನಗೆ ತೋಚುವ ದಾರಿ ಇದು: ಯಾವ ಹವ್ಯಾಸದ ಮುಖ್ಯ ಸರಕು ಅಂಗಡಿಯಲ್ಲಿ ಮಾರಾಟಕ್ಕೇ ಇಲ್ಲವೋ ಅದನ್ನು ಮೊದಲು ನೋಡಿ. ಊರ ಹೊರಗಿನ ಕಲ್ಲು, ಕೆರೆ, ರಾತ್ರಿಯ ಆಕಾಶ, ಬಾಯಲ್ಲಿರುವ ಕನ್ನಡ. ಇವು ಕರ್ನಾಟಕದಲ್ಲಿ ಧಾರಾಳವಾಗಿವೆ, ಯಾರೂ ಇವಕ್ಕೆ ಜಿಎಸ್‌ಟಿ ಹಾಕಿಲ್ಲ.

ತಾಲ್ಲೂಕಿನ ಕಲ್ಲುಗಳು

ಬೆಂಗಳೂರಿನಲ್ಲೇ ಹುಟ್ಟಿ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ ಅವರು ಸಂಸ್ಥಾನದ ಊರೂರಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳನ್ನು ಹೊರತಂದರು. ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಬಂತು. ಈ ಹಳೆಯ ಸಂಪುಟಗಳು ಇಂದು ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಒಂದೊಂದು ಶಾಸನಕ್ಕೊಂದು ನಂಬರು. ಶಾಸನದ ಪಾಠ ಕನ್ನಡ ಲಿಪಿಯಲ್ಲಿದೆ, ಜೊತೆಗೆ ಇಂಗ್ಲಿಷ್ ಅನುವಾದವಿದೆ. ಪ್ರತಿ ನಂಬರಿನ ತಲೆಯ ಮೇಲೆ ಕಲ್ಲು ಎಲ್ಲಿತ್ತು ಎಂಬ ಒಂದು ಸಾಲು: ಇಂಥ ಊರಿನ ಮೂಡಲಿಗೆ, ಇಂಥ ಗುಡಿಯ ಮುಂದೆ, ಕೆರೆ ಏರಿಯ ಹತ್ತಿರ.

ಹವ್ಯಾಸ ಅಷ್ಟೇ. ನಿಮ್ಮ ತಾಲ್ಲೂಕಿನ ಪುಟ ತೆರೆಯಿರಿ, ಪರಿಚಯದ ಒಂದು ಊರಿನ ಹೆಸರು ಹುಡುಕಿ, ಆ ಕಲ್ಲು ಇನ್ನೂ ಇದೆಯೇ ನೋಡಿಬನ್ನಿ. ಕೆಲವು ಇದ್ದಲ್ಲೇ ಇರುತ್ತವೆ. ಕೆಲವು ಗುಡಿಯ ಜೀರ್ಣೋದ್ಧಾರದಲ್ಲಿ ನೆಲಹಾಸಾಗಿವೆ, ಕೆಲವು ಚರಂಡಿಯ ಮೇಲಿನ ಚಪ್ಪಡಿ, ಕೆಲವು ಬಟ್ಟೆ ಒಗೆಯುವ ಕಲ್ಲು. ಕೆಲವು ಹೊಸ ಬಡಾವಣೆಯ ಕೆಳಗೆ ಹೋಗಿ ವರ್ಷಗಳಾಗಿವೆ. ಶತಮಾನ ದಾಟಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಜರಿ ಕೂಗುವ ಈ ಕೆಲಸದಲ್ಲಿರುವ ಕುತೂಹಲಕ್ಕೆ ಪತ್ತೇದಾರಿ ಕಾದಂಬರಿಯೂ ಸಮವಲ್ಲ ಎಂದು ಹೇಳುವವನು ನಾನು. ರೈಸ್ ಅವರ ಸಂಪುಟಗಳಲ್ಲಿ ಹಳೆ ಮೈಸೂರಿನ ಜಿಲ್ಲೆಗಳು ಮತ್ತು ಕೊಡಗು ಮಾತ್ರ ಇವೆ. ಧಾರವಾಡ, ವಿಜಯಪುರದ ಕಡೆಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಮುಂಬೈ-ಕರ್ನಾಟಕ ಸಂಪುಟಗಳನ್ನು ನೋಡಬೇಕು. ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ: 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸ ನಡೆಸುತ್ತಿದೆ. ಬೆಂಗಳೂರು ಎಂಬ ಹೆಸರು ಬರುವ, 9ನೇ ಶತಮಾನದ ಕೊನೆಯ ಹೊತ್ತಿನ ಕಲ್ಲು ಬೇಗೂರಿನ ನಾಗೇಶ್ವರ ಗುಡಿಯಲ್ಲಿದೆ. ಸಿಟಿ ಬಸ್ಸಿನಲ್ಲಿ ಹೋಗಿ ನೋಡಿಬರಬಹುದು.

ಅಕ್ಷರ ಓದಲು ಬಾರದಿದ್ದರೆ ಚಿತ್ರ ಓದಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಬಿದ್ದವರು. ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೊಳ್, ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು. ಹುಲಿಯೊಡನೆ, ಹಂದಿಯೊಡನೆ ಹೋರಾಡಿದವರ ಕಲ್ಲುಗಳೂ ಇವೆ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗ, ನಂದಿ, ಪೂಜಾರಿ, ತುದಿಯಲ್ಲಿ ಸೂರ್ಯ ಚಂದ್ರ. ಕಂಬದಿಂದ ಹೊರಟ ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಮಡಿಸಿದ್ದರೆ ಅದು ಮಾಸ್ತಿಕಲ್ಲು, ಸಹಗಮನ ಮಾಡಿದವಳ ನೆನಪಿನದು. ದಾನಶಾಸನಗಳ ಕೊನೆಗೆ, ಇದಕ್ಕೆ ಕೈ ಹಾಕಿದವನಿಗೆ ಶಾಪ. ಕೆಲವು ಕಡೆ ಆ ಶಾಪವನ್ನು ಓದು ಬಾರದವರಿಗೂ ತಿಳಿಯುವಂತೆ ಕತ್ತೆಯ ಚಿತ್ರದಲ್ಲೇ ಕೆತ್ತಿದ್ದಾರೆ.

ಅಕ್ಷರಕ್ಕೆ ಇಳಿಯುವವರು ವಿಜಯನಗರ ಕಾಲದ ಕಲ್ಲುಗಳಿಂದ ಶುರು ಮಾಡಲಿ. ಅವುಗಳ ಲಿಪಿ ಇಂದಿನ ಕನ್ನಡಕ್ಕೆ ಹತ್ತಿರ. ಗಂಗರ ಕಾಲದ್ದಕ್ಕೆ ಕೈ ಹಾಕಿದರೆ ಮೊದಲ ವಾರವೇ ಬೇಸರ ಬಂದೀತು. ಮೊದಲ ಸಾಲಿನಲ್ಲಿ ‘ಸ್ವಸ್ತಿಶ್ರೀ’ ಇದೆಯೇ ನೋಡಿ. ಸಿಕ್ಕರೆ ಅದರ ಅಕ್ಷರಗಳನ್ನು ಹಿಡಿದುಕೊಂಡು ಮುಂದಿನದನ್ನು ಊಹಿಸುತ್ತಾ ಹೋಗಬಹುದು. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ: ಶಕ 1300 ಅಂದರೆ ಕ್ರಿ.ಶ. 1378. ಕಲ್ಲು ಓದುವ ಹೊತ್ತು ನಡುಮಧ್ಯಾಹ್ನವಲ್ಲ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರಗಳೂ ನೆರಳು ಕಟ್ಟಿ ಎದ್ದು ಬರುತ್ತವೆ. ಇಲ್ಲವಾದರೆ ಕೊಡೆ ಹಿಡಿದು ನೆರಳು ಮಾಡಿ, ಮೊಬೈಲಿನ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಸೀಮೆಸುಣ್ಣ, ಅರಿಸಿನ, ಎಣ್ಣೆ ಬಳಿಯಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ಮಣ್ಣು ಮೆತ್ತಿದ್ದರೆ ಒಣಗಿದ ಮೆತ್ತನೆ ಬ್ರಷ್ ಸಾಕು.

ಒಂದು ಎಚ್ಚರಿಕೆ. ಅಪರಿಚಿತರು ಹಳೆ ಕಲ್ಲಿನ ಸುತ್ತ ಸುಳಿದಾಡಿದರೆ ಊರವರಿಗೆ ಮೊದಲು ಬರುವ ಅನುಮಾನ ನಿಧಿಗಳ್ಳರದು. ಆ ಅನುಮಾನಕ್ಕೆ ಕಾರಣವೂ ಇದೆ. ಹಾಡುಹಗಲೇ ಹೋಗಿ. ಮೊದಲು ಚಾ ಅಂಗಡಿಯಲ್ಲಿ ಕೂತು ಬಂದ ಕೆಲಸ ಹೇಳಿ, ಪುಸ್ತಕದ ಪುಟ ತೋರಿಸಿ, ಹೊಲದ ಯಜಮಾನರನ್ನು ಕೇಳಿ ಕಾಲಿಡಿ. ಸಾಧಾರಣವಾಗಿ ಯಾರಾದರೂ ಹಿರಿಯರು ‘ಬನ್ನಿ, ನಾ ತೋರಿಸ್ತೀನಿ’ ಎಂದು ಎದ್ದೇ ಬಿಡುತ್ತಾರೆ, ಪುಸ್ತಕದಲ್ಲಿಲ್ಲದ ಇನ್ನೆರಡು ಕಲ್ಲುಗಳೂ ಸಿಗುತ್ತವೆ. ಖರ್ಚು ಬಸ್ ಚಾರ್ಜು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅದೂ ಇಲ್ಲ.

ಕೆರೆಯಂಗಳ

ಹಕ್ಕಿ ನೋಡುವ ಹವ್ಯಾಸದ ಹೆಸರೆತ್ತಿದರೆ ಮೊಳದುದ್ದ ಲೆನ್ಸಿನ ಕ್ಯಾಮೆರಾ ಕಣ್ಣ ಮುಂದೆ ಬಂದು ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಅದು ಫೋಟೊಗ್ರಫಿ, ಬೇರೆಯೇ ಹವ್ಯಾಸ, ದುಬಾರಿ ಹವ್ಯಾಸ. ಹಕ್ಕಿ ನೋಡಲು ಕಣ್ಣು, ಕಿವಿ, ಒಂದು ನೋಟ್‌ಬುಕ್ಕು ಸಾಕು. ಅಡುಗೆಮನೆ ಕಿಟಕಿಯಿಂದ ಕಾಣುವ ಹತ್ತು ಹಕ್ಕಿಗಳನ್ನು ತಪ್ಪಿಲ್ಲದೆ ಗುರುತಿಸುವುದು ಮೊದಲ ಗುರಿಯಾಗಲಿ. ಕಾಗೆ, ಗೊರವಂಕ, ಸೂರಕ್ಕಿ, ಮಡಿವಾಳ ಹಕ್ಕಿ, ಗರುಡ ಹೀಗೆ. ಪಿಕಳಾರದಲ್ಲಿ ಎರಡು ಬಗೆ ಸುಲಭವಾಗಿ ಸಿಗುತ್ತವೆ: ಚೂಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಚುಕ್ಕೆ, ಬಿಳಿ ಹೊಟ್ಟೆ ಇದ್ದರೆ ಕೆಮ್ಮೀಸೆ ಪಿಕಳಾರ, ಮೈಯೆಲ್ಲ ಕಂದು, ತಲೆ ಕಪ್ಪು, ಬಾಲದ ಬುಡ ಮಾತ್ರ ಕೆಂಪಾಗಿದ್ದರೆ ಇನ್ನೊಂದು. ಕೋಗಿಲೆಯಲ್ಲಿ ಕೂಗುವ ಗಂಡು ಕಪ್ಪು. ಹೆಣ್ಣಿನ ಮೈತುಂಬ ಬಿಳಿ ಚುಕ್ಕೆ. ಅದನ್ನು ಕೋಗಿಲೆ ಎಂದು ನಂಬದವರೇ ಜಾಸ್ತಿ.

ಕೆರೆಯ ದಂಡೆಯಲ್ಲಿ ಕೊಳದ ಬಕವನ್ನು ಹುಡುಕಿ. ಕೂತಿದ್ದಾಗ ಕೆಸರಿನದೇ ಬಣ್ಣ, ಎರಡು ಮಾರು ದೂರದಲ್ಲಿದ್ದರೂ ಕಾಣದು. ಹೆದರಿ ಎದ್ದರೆ ರೆಕ್ಕೆ ಅಚ್ಚ ಬಿಳಿ. ಇದನ್ನೊಮ್ಮೆ ಕಂಡವರು ಮತ್ತೆ ಕೆರೆಗೆ ಹೋಗದೆ ಇರುವುದಿಲ್ಲ. ಅಕ್ಟೋಬರಿನಿಂದ ಮಾರ್ಚಿನ ತನಕ ವಲಸೆ ಹಕ್ಕಿಗಳ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ; 2024ರಲ್ಲಿ ಅದಕ್ಕೆ ಜೌಗು ನೆಲಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ರಂಗನತಿಟ್ಟಿಗೆ ಅದಕ್ಕೆ ಎರಡು ವರ್ಷ ಮೊದಲೇ ಸಿಕ್ಕಿತ್ತು. ಆದರೆ ಹೆಸರಾಂತ ತಾಣಕ್ಕೇ ಹೋಗಬೇಕೆಂದಿಲ್ಲ. ಒಂದೇ ಕೆರೆಗೆ ವರ್ಷವಿಡೀ ಹೋಗುವವರು ಹತ್ತು ತಾಣ ಸುತ್ತಿದವರಿಗಿಂತ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈಪಿಡಿಗೆ ಪೂರ್ಣಚಂದ್ರ ತೇಜಸ್ವಿ ಅವರ ‘ಹಕ್ಕಿಪುಕ್ಕ’ ಇದೆ, ಗ್ರಂಥಾಲಯದಲ್ಲಿ ಕೇಳಿ. ಮೊಬೈಲಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಉಚಿತ. ಕೂಗು ಕೇಳಿಸಿದರೆ ಇಂಥ ಹಕ್ಕಿ ಎಂದು ಸೂಚಿಸುತ್ತದೆ. ಅದನ್ನು ಸುಳಿವು ಎಂದು ತಗೊಳ್ಳಿ, ತೀರ್ಪು ಎಂದಲ್ಲ. ಕಣ್ಣಿಗೆ ಬೀಳುವ ತನಕ ಪಟ್ಟಿಗೆ ಸೇರಿಸಬೇಡಿ. ಅದೇ ಸಂಸ್ಥೆಯ ಇ-ಬರ್ಡ್‌ನಲ್ಲಿ ನಿಮ್ಮ ಪಟ್ಟಿ ದಾಖಲಿಸಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತದೆ. ಭಾಗವಹಿಸಲು ಹದಿನೈದು ನಿಮಿಷದ ಪುರಸೊತ್ತು ಸಾಕು, ಮಕ್ಕಳನ್ನು ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆ ನೆಪವಿಲ್ಲ.

ಬೈನಾಕ್ಯುಲರ್ ಯಾವಾಗ? ಹಕ್ಕಿಯನ್ನು ಗುರುತಿಸಲಾಗದೆ ನಿಜವಾಗಿ ಸಂಕಟವಾಗತೊಡಗಿದಾಗ. ಆಗಲೂ ಜಾತ್ರೆಯ ಆಟಿಕೆ ಮಾದರಿ ಬೇಡ. ಅದರಲ್ಲಿ ಹಕ್ಕಿಗಿಂತ ಮಸುಕೇ ಹೆಚ್ಚು. 8×42 ಎಂದು ಬರೆದಿರುವುದು ಸಾಮಾನ್ಯ ಬಳಕೆಗೆ ಸರಿಯಾದದ್ದು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ದೊಡ್ಡ ಸಂಖ್ಯೆ ಇದ್ದಷ್ಟೂ ಒಳ್ಳೆಯದು ಎಂಬ ಅಂಗಡಿಯವರ ಮಾತು ನಂಬಬೇಡಿ. ಹೆಚ್ಚು ಪಟ್ಟಿನದರಲ್ಲಿ ಕೈ ನಡುಕವೂ ಅಷ್ಟೇ ಪಟ್ಟು ಕಾಣುತ್ತದೆ. ಇದೇ ಬೈನಾಕ್ಯುಲರನ್ನು ಗೋಡೆಗೊರಗಿ ಅಲುಗಾಡದಂತೆ ಹಿಡಿದು ಗುರು ಗ್ರಹದ ಕಡೆ ತಿರುಗಿಸಿದರೆ, 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ಸಣ್ಣ ಚುಕ್ಕಿಗಳಾಗಿ ಕಾಣುತ್ತವೆ. ಒಂದೇ ಖರ್ಚಿನಲ್ಲಿ ಎರಡು ಹವ್ಯಾಸ.

ಗೋಡೆಯ ಕ್ಯಾಲೆಂಡರೇ ನಕ್ಷೆ

ಆಕಾಶ ನೋಡಲು ದೂರದರ್ಶಕ ಕೊಂಡವರಲ್ಲಿ ಬಹಳ ಮಂದಿಗೆ ನಕ್ಷತ್ರಗಳ ಹೆಸರೇ ಗೊತ್ತಿರುವುದಿಲ್ಲ. ಎಲ್ಲಿಗೆ ತಿರುಗಿಸಬೇಕೆಂದು ತಿಳಿಯದೆ ಚಂದ್ರನನ್ನು ನಾಲ್ಕು ಸಲ ನೋಡಿ ಮುಚ್ಚಿಡುತ್ತಾರೆ. ಮೊದಲ ವರ್ಷ ಬರಿಗಣ್ಣೇ ಸಾಕು, ನಕ್ಷೆ ನಿಮ್ಮ ಮನೆಯಲ್ಲೇ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಕೆಳಗೆ ಒಂದು ನಕ್ಷತ್ರದ ಹೆಸರಿರುತ್ತದಲ್ಲ, ಅದು ಆ ದಿನ ಚಂದ್ರ ಇರುವ ಜಾಗ. ರೋಹಿಣಿ ಎಂದಿದ್ದ ರಾತ್ರಿ ಚಂದ್ರನ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುವುದೇ ರೋಹಿಣಿ. ಚಿತ್ತಾ ಇದ್ದ ದಿನ ಚಿತ್ತಾ, ಮಘಾ ಇದ್ದ ದಿನ ಮಘಾ. ಮುಹೂರ್ತಕ್ಕೆ ಮಾತ್ರ ನೋಡುತ್ತಿದ್ದ ಪಂಚಾಂಗವನ್ನು ಹಿಡಿದು ಚಾವಣಿ ಹತ್ತಿ. ಇಪ್ಪತ್ತೇಳು ದಿನಕ್ಕೆ ಚಂದ್ರ ಒಂದು ಸುತ್ತು ಪರಿಚಯ ಮಾಡಿಸಿರುತ್ತಾನೆ.

ಜನವರಿಯ ರಾತ್ರಿ ಎಂಟೊಂಬತ್ತರ ಹೊತ್ತಿಗೆ ಮಹಾವ್ಯಾಧ ಎಂಬ ನಕ್ಷತ್ರಪುಂಜದಿಂದ ಶುರು ಮಾಡುವುದು ಸುಲಭ. ಸೊಂಟಪಟ್ಟಿಯಂತೆ ಸಾಲಾಗಿ ಮೂರು ನಕ್ಷತ್ರ. ಆ ಸಾಲನ್ನು ಒಂದು ಕಡೆ ಎಳೆದರೆ ಆಕಾಶದಲ್ಲೇ ಅತಿ ಪ್ರಕಾಶದ ಲುಬ್ಧಕ, ಇನ್ನೊಂದು ಕಡೆ ಎಳೆದರೆ ರೋಹಿಣಿ, ಅದರಾಚೆ ಗೊಂಚಲಿನಂತೆ ಕೃತ್ತಿಕೆ. ಮಹಾವ್ಯಾಧನ ಹೆಗಲ ಮೇಲಿನ ಕೆಂಪು ನಕ್ಷತ್ರ ಆರ್ದ್ರಾ. ಲುಬ್ಧಕದಿಂದ ಕೆಳಗೆ ದಕ್ಷಿಣ ದಿಗಂತದ ಕಡೆ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಪ್ರಕಾಶದಲ್ಲಿ ಎರಡನೆಯದಾದ ಇದು ಲಂಡನ್ನಿನವರಿಗೆ ಯಾವ ಕಾಲಕ್ಕೂ ಕಾಣುವುದಿಲ್ಲ. ಉತ್ತರಕ್ಕೆ ತಿರುಗಿ ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಅಂದರೆ ಒಂದು ಮುಷ್ಟಿಗಿಂತ ತುಸು ಹೆಚ್ಚು. ಬೀದರಿನಲ್ಲಿ ಎರಡು ಮುಷ್ಟಿಗೆ ತುಸು ಕಡಿಮೆ. ಊರಿನ ಅಕ್ಷಾಂಶವನ್ನು ಮುಷ್ಟಿಯಲ್ಲೇ ಅಳೆದಂತಾಯಿತು.

ಹಳ್ಳಿಯ ಹಿನ್ನೆಲೆಯವರಿಗೆ ಇಲ್ಲೊಂದು ಮೋಜಿದೆ. ಆರಿದ್ರಾ ಮಳೆ ಜೂನ್ ಕೊನೆಯ ವಾರದ ಸುಮಾರಿಗೆ ಹಿಡಿಯುತ್ತದೆ. ಆಗ ಮೋಡ ಸರಿದ ರಾತ್ರಿ ಆರ್ದ್ರಾ ನಕ್ಷತ್ರವನ್ನು ಹುಡುಕಿದರೆ ಸಿಗುವುದೇ ಇಲ್ಲ. ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದ ಜಾಗದಲ್ಲಿರುವ ಸುಮಾರು ಹದಿಮೂರು, ಹದಿನಾಲ್ಕು ದಿನ. ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಯಾವ ನಕ್ಷತ್ರದ ಹೆಸರಿನಲ್ಲಿ ಬಿತ್ತನೆ ನಡೆಯುತ್ತದೋ ಆ ದಿನಗಳಲ್ಲಿ ಅದನ್ನು ಯಾರೂ ನೋಡಲಾರರು.

ನಗರದವರು ಬೀದಿದೀಪಕ್ಕೆ ಬೈಯುವ ಮೊದಲು ಚಾವಣಿಯ ನೀರಿನ ಟ್ಯಾಂಕಿನ ಮರೆಗೆ ನಿಂತು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಡಿಸೆಂಬರ್ 13-14ರ ರಾತ್ರಿಯ ಮಿಥುನ ಉಲ್ಕಾವರ್ಷಕ್ಕೆ ಒಂದು ಚಾಪೆ, ಒಂದು ಕಂಬಳಿ ಸಾಕು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೂ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೂ ಒಮ್ಮೆ ಹೋಗಿಬಂದರೆ ಕಲಿತದ್ದೆಲ್ಲ ಒಂದು ಕ್ರಮಕ್ಕೆ ಬರುತ್ತದೆ.

ಹೊತ್ತು ಸಿಗದವರಿಗೆ

ಇಷ್ಟು ಹೊತ್ತು ಹೇಳಿದ್ದೆಲ್ಲ ಮನೆಯಿಂದ ಹೊರಬೀಳಬಲ್ಲವರ ಮಾತಾಯಿತು. ಮಗು ಮಲಗಿದಾಗ ಅರ್ಧ ಗಂಟೆ, ಕುಕ್ಕರ್ ಕೂಗುವ ತನಕ ಹತ್ತು ನಿಮಿಷ, ಹೀಗೆ ಚೂರುಚೂರಾಗಿ ಬಿಡುವು ಸಿಗುವವರು ಹವ್ಯಾಸ ಆರಿಸುವಾಗ ದುಡ್ಡಿಗಿಂತ ಮೊದಲು ಇದನ್ನು ನೋಡಬೇಕು: ನಡುವೆ ಬಿಟ್ಟು ಎದ್ದರೆ ಕೆಡುತ್ತದೆಯೇ? ಜಲವರ್ಣ ಕೆಡುತ್ತದೆ. ಸೂಜಿ ದಾರ ಕೆಡುವುದಿಲ್ಲ.

ಧಾರವಾಡದ ಕಡೆಯ ಕಸೂತಿಗೆ ಬೇಕಾದದ್ದು ಒಂದು ಸೂಜಿ, ನಾಲ್ಕು ಬಣ್ಣದ ದಾರ, ಎಳೆ ಎಣಿಸಲು ಬರುವಂಥ ಅರ್ಧ ಮೀಟರ್ ಮ್ಯಾಟಿ ಬಟ್ಟೆ. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ ಮೂಡಬೇಕು. ದಾರಕ್ಕೆ ಗಂಟೂ ಹಾಕುವಂತಿಲ್ಲ. ಹೊಲಿಗೆ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಿಂದ ಶುರು ಮಾಡಿ. ಒಂದು ಎಳೆಯಷ್ಟು ಮೇಲೆ, ಒಂದು ಎಳೆಯಷ್ಟು ಕೆಳಗೆ ಎಂದು ಓಡುಹೊಲಿಗೆ ಹಾಕುತ್ತ ಸಾಲಿನ ಕೊನೆಗೆ ಹೋಗಿ, ಬಿಟ್ಟ ಖಾಲಿಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಸರಿಯಾಗಿ ಬಂದಿದ್ದರೆ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ತರಹ ಕಾಣುತ್ತವೆ. ಮುರಗಿ ಅದೇ ಉಪಾಯದ ಮೆಟ್ಟಿಲು ಮೆಟ್ಟಿಲಾದ ರೂಪ. ನೇಗಿ ನೇಯ್ಗೆಯಂತೆ ಕಾಣುತ್ತದೆ. ಮೆಂತಿ ಅಡ್ಡಡ್ಡ ಕತ್ತರಿ ಹೊಲಿಗೆ, ಜಾಗ ತುಂಬಲು ಒಳ್ಳೆಯದು, ದಾರ ಮಾತ್ರ ಜಾಸ್ತಿ ನುಂಗುತ್ತದೆ. ಕೆಲಸ ಎಲ್ಲಿಗೆ ನಿಂತಿತ್ತೋ ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಕೈ ಕುದುರಿದ ಮೇಲೆ ನೆಂಟರು, ಅಕ್ಕಪಕ್ಕದವರು ‘ನನ್ನ ಬ್ಲೌಸಿಗೂ ಹಾಕಿಕೊಡು, ದುಡ್ಡು ಕೊಡ್ತೀನಿ’ ಅನ್ನುತ್ತಾರೆ. ಮೊದಲ ವರ್ಷ ಒಪ್ಪಿಕೊಳ್ಳಬೇಡಿ. ಆರ್ಡರು, ಗಡುವು, ಬಣ್ಣ ಸರಿಯಿಲ್ಲವೆಂಬ ತಕರಾರು ಶುರುವಾದರೆ ಹವ್ಯಾಸ ಇನ್ನೊಂದು ನೌಕರಿಯಾಗುತ್ತದೆ, ಅದೂ ಸಂಬಳ ಕಡಿಮೆಯ ನೌಕರಿ. ಯುಟ್ಯೂಬ್ ಚಾನೆಲ್ ಮಾಡು ಎನ್ನುವವರಿಗೂ ಇದೇ ಉತ್ತರ.

ಕೈತೋಟದ ಬಗ್ಗೆ ಒಂದು ಮಾತು. ಅಗ್ಗದ ಹವ್ಯಾಸಗಳ ಪಟ್ಟಿಯಲ್ಲಿ ಇದು ಯಾವಾಗಲೂ ಮೊದಲು ಬರುತ್ತದೆ, ನನಗೆ ಆ ಬಗ್ಗೆ ಅನುಮಾನವಿದೆ. ನೆಲವಿದ್ದವರಿಗೆ ನಿಜ. ಅಪಾರ್ಟ್‌ಮೆಂಟಿನಲ್ಲಿ ಕುಂಡ, ಕೊಕೊಪೀಟ್, ಎರೆಗೊಬ್ಬರ, ಸ್ಟ್ಯಾಂಡು ಎಂದು ನರ್ಸರಿಯ ಬಿಲ್ಲು ಬೆಳೆಯುತ್ತ ಹೋಗಿ, ಬೆಳೆದ ಟೊಮೆಟೊ ಮಾರುಕಟ್ಟೆಯ ನಾಲ್ಕು ಪಟ್ಟು ಬೀಳುತ್ತದೆ. ಮಾಡುವುದೇ ಆದರೆ ಮೊದಲು ಅಡುಗೆಮನೆಯಿಂದ ಮಾಡಿ. ಡಬ್ಬಿಯ ಮೆಂತ್ಯ, ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿದ ಕೊತ್ತಂಬರಿ ಬೀಜ, ಸೊಪ್ಪಿನವರಿಂದ ತಂದ ಪುದೀನದ ಕಡ್ಡಿ, ಪಕ್ಕದ ಮನೆಯ ದೊಡ್ಡಪತ್ರೆ, ಬಸಳೆಯ ತುಂಡು, ತೂತು ಕೊರೆದ ಪೇಂಟ್ ಬಕೆಟ್ಟು. ಮೆಂತ್ಯದ ಸೊಪ್ಪು ತಿಂಗಳೊಳಗೆ ಸಾರಿಗೆ ಬರುತ್ತದೆ. ಇಷ್ಟನ್ನು ಎರಡು ಬಾರಿ ಬೆಳೆದೂ ಬೇಸರ ಬರದಿದ್ದರೆ ಮಾತ್ರ ನರ್ಸರಿ ಕಡೆ ಹೆಜ್ಜೆ ಇಡಿ.

ಅಟ್ಟದ ಮೇಲೆ ಅಜ್ಜಿಯ ಕಾಲದ ಅಳಗುಳಿ ಮಣೆ, ಚೆನ್ನೆಮಣೆ ಇದ್ದರೆ ಇಳಿಸಿ. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕರಂತೆ 56 ಹುಣಸೆ ಬೀಜ, ಇಬ್ಬರು ಜನ. ಮಣೆ ಇಲ್ಲದವರಿಗೆ ಚೌಕಾಬಾರ. ಐದು ಐದು ಮನೆಯ ಚೌಕವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲೇ ಬರೆಯಬಹುದು. ಹುಲಿ-ಕುರಿ ಆಟವಂತೂ ಎಷ್ಟೋ ಹಳೆ ಗುಡಿಗಳ ಜಗಲಿಯ ಮೇಲೆ ಕೆತ್ತಿಯೇ ಇದೆ.

ಓದುವವರು ತಮಗೆ ಗೊತ್ತಿಲ್ಲದೆಯೇ ಗ್ರಂಥಾಲಯಕ್ಕೆ ಚಂದಾ ಕೊಟ್ಟಿರುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆಯಲ್ಲೇ ಗ್ರಂಥಾಲಯ ಕರ ಹೋಗುತ್ತದೆ. ಕಂದಾಯದ ರಸೀದಿ ತೆಗೆದು ನೋಡಿ, ಆಮೇಲೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವೋ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರವೋ, ಹತ್ತಿರದ್ದಕ್ಕೆ ಹೋಗಿ. ಮದುವೆ ಪತ್ರಿಕೆಯಲ್ಲಿ ಕಾಗುಣಿತದ ತಪ್ಪು ಕಂಡರೆ ಪೆನ್ನು ಹುಡುಕುವ ಜಾತಿಯವರು ಕೆಲವರಿರುತ್ತಾರೆ. ಅಂಥವರಿಗೆ ಹೇಳಿ ಮಾಡಿಸಿದ ಜಾಗ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ. ತಿದ್ದಬೇಕಾದ ಲೇಖನಗಳಿಗೆ ಅಲ್ಲಿ ಬರವಿಲ್ಲ. ಹವ್ಯಾಸ ಆರಿಸಲು ನಾನು ಹೇಳುವ ಗುರುತೂ ಇದೇ. ಯಾರೂ ಹೇಳದಿದ್ದರೂ ನೀವು ಈಗಾಗಲೇ ಏನು ಮಾಡುತ್ತಿದ್ದೀರಿ ಎಂಬುದನ್ನು ಗಮನಿಸಿ, ಅದಕ್ಕೊಂದು ಹೆಸರು ಮತ್ತು ವಾರದಲ್ಲೊಂದು ಹೊತ್ತು ಕೊಡಿ. ಒಂದು ತಿಂಗಳು ಏನನ್ನೂ ಕೊಳ್ಳಬೇಡಿ.

ಬೆರಳಿನ ಲೆಕ್ಕ

ಕೊನೆಗೆ, ಒಂದು ಪೈಸೆಯೂ ಬೇಡದ ಹವ್ಯಾಸ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ ನಡೆಯುತ್ತದೆ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತು ಮರೆತ ಛಂದಸ್ಸು. ಹ್ರಸ್ವಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೆ ಎರಡು, ಸೊನ್ನೆ ಇದ್ದರೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಅದು ಗುರು. ‘ಹಕ್ಕಿ’ ಅಂದರೆ ಮೂರು, ‘ಕನ್ನಡ’ ಅಂದರೆ ನಾಲ್ಕು, ‘ಬೆಂಗಳೂರು’ ಆರು. ಅಂಗಡಿಯ ಬೋರ್ಡುಗಳನ್ನೆಲ್ಲ ಬೆರಳು ಮಡಿಸುತ್ತ ಎಣಿಸಿಕೊಂಡು ಹೋದರೆ ಒಂದು ವಾರದಲ್ಲಿ ಕಿವಿ ತಾನಾಗಿ ಎಣಿಸತೊಡಗುತ್ತದೆ.

ಆಮೇಲೆ ಭಾಮಿನಿ ಷಟ್ಪದಿ. ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ್ದು ಇದರಲ್ಲೇ; ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಇಂದಿಗೂ ಅದನ್ನು ಗಮಕದಲ್ಲಿ ವಾಚಿಸುವವರಿದ್ದಾರೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ. ಮೂರನೆಯ, ಆರನೆಯ ಸಾಲಿನಲ್ಲಿ ಅದೇ ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು. ಎಲ್ಲ ಸಾಲುಗಳಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದು ಆದಿಪ್ರಾಸ. ಮೂರರ, ನಾಲ್ಕರ ಈ ಒಂದೊಂದು ಗುಂಪಿಗೆ ಗಣ ಎಂದು ಹೆಸರು. ಗಣದ ಮೊದಲಿಗೆ ಲಘುವಿನ ಬೆನ್ನಿಗೇ ಗುರು ಬಂದರೆ ನಡೆ ಮುಗ್ಗರಿಸುತ್ತದೆ. ‘ಮಹೇಶ’ ನಾಲ್ಕೇ ಮಾತ್ರೆಯಾದರೂ ಇಲ್ಲಿ ಕೂರುವುದಿಲ್ಲ.

ಕಾವ್ಯ ಗೀವ್ಯ ಎಂದು ಹೆದರಬೇಡಿ, ಕಂಡದ್ದನ್ನು ಹೇಳಿದರಾಯಿತು:

ಮಳೆಯು ಬಂದಿತು ಕೆರೆಯು ತುಂಬಿತು
ಇಳೆಯ ಮೊಗದಲಿ ನಗೆಯು ಮೂಡಿತು
ಕಳೆಯ ಕೀಳಲು ಹೊಲಕೆ ನಡೆದರು ಹಳ್ಳಿ ಹೆಂಗಸರು

ಇದು ಕವಿತೆಯೇನಲ್ಲ, ಕೈ ಪಳಗಿಸುವ ಸಾಲುಗಳು. ಎಣಿಸಿ ನೋಡಿ, 14, 14, 23. ಮೂರನೇ ಸಾಲಿನ ಕೊನೆಯ ‘ರು’ ಲಘುವಾದರೂ ಸಾಲಿನ ತುದಿಯಲ್ಲಿರುವುದರಿಂದ ಗುರುವಿನ ಲೆಕ್ಕಕ್ಕೆ ಬರುತ್ತದೆ. ಪದ್ಯ ಇನ್ನೂ ಅರ್ಧವೇ ಆಗಿದೆ. ಉಳಿದ ಮೂರು ಸಾಲು ನೀವು ಕಟ್ಟಿ: ಪ್ರತಿ ಸಾಲಿನ ಮೊದಲಕ್ಷರ ಲಘು, ಎರಡನೆಯದು ಳಕಾರ. ಬೆಳೆ, ಹಳೆಯ, ಎಳೆಯ, ತಿಳಿ, ಉಳುವ, ಸುಳಿ ಎಂದು ಪದಗಳು ಸಾಲುಗಟ್ಟಿ ನಿಂತಿವೆ.